ಮೇಷ್ಟ್ರ ಎಡಗೈ

ಹೊಸದಾಗಿ ಕಿತ್ತ ಶೇಂಗಾ ಬಳ್ಳಿಯ ವಾಸನೆಗೆ ಬೇರೆಯವರಿಗೆ ಏನು ನೆನಪಾಗುತ್ತದೋ ಗೊತ್ತಿಲ್ಲ, ನನಗೆ ಮಾತ್ರ ನನ್ನ ಹೊಟ್ಟೆಕಿಚ್ಚು ನೆನಪಾಗುತ್ತದೆ. ಕಳೆದ ತಿಂಗಳು ಕೊಂಡ್ಲಹಳ್ಳಿಯಲ್ಲಿ ಬಸ್ಸಿಳಿದಾಗಲೂ ಹಾಗೇ ಆಯಿತು. ರಸ್ತೆಯ ಎರಡೂ ಕಡೆ ಬಳ್ಳಿ ಕಿತ್ತು ಗುಡ್ಡೆ ಹಾಕಿದ್ದರು. ಬೇರಿಗೆ ಹತ್ತಿದ ಕೆಂಪು ಮಣ್ಣು ಇನ್ನೂ ಹಸಿಯಾಗಿತ್ತು. ಹೆಂಗಸರು ಸಾಲಾಗಿ ಕೂತು ಕಾಯಿ ಬಿಡಿಸುತ್ತಾ ಯಾರದೋ ಮದುವೆಯ ಸುದ್ದಿ ಮಾತಾಡುತ್ತಿದ್ದರು. ನಾನು ಒಂದು ಕವರು ಹಿಡಿದುಕೊಂಡು ಓಬಳಪ್ಪ ಮೇಷ್ಟ್ರ ಮನೆಯ ಕಡೆ ನಡೆದೆ.

ಮೇಷ್ಟ್ರು ಈಗ ಇಲ್ಲ. ಕವರಿನಲ್ಲಿದ್ದದ್ದು ಅವರ ಸೊಸೆ ಗಂಗಮ್ಮ ಸೈ ಹಾಕಬೇಕಾದ ಕಾಗದ. ಮೂರು ವರ್ಷದ ಹಿಂದೆ, ಇದೇ ಶೇಂಗಾ ಕೀಳುವ ಕಾಲದಲ್ಲಿ, ವಿಶ್ವವಿದ್ಯಾಲಯವೊಂದರ ಸುಮನಾ ಮೇಡಂ ಬಂದು ಮೇಷ್ಟ್ರ ಬದುಕಿನ ಕತೆಯನ್ನು ಅವರ ಬಾಯಿಂದಲೇ ರೆಕಾರ್ಡ್ ಮಾಡಿಕೊಂಡು ಹೋಗಿದ್ದರು. ಅದನ್ನು ಈಗ ಎಲ್ಲರೂ ಕೇಳುವ ಹಾಗೆ ಅವರ ಸಂಗ್ರಹದಲ್ಲಿ ಇಡುತ್ತಾರಂತೆ. ಅದಕ್ಕೆ ಮನೆಯವರ ಒಪ್ಪಿಗೆ ಬೇಕು. ಐದು ಭಾನುವಾರ ನಡೆದ ಆ ರೆಕಾರ್ಡಿಂಗಿನ ಬಗ್ಗೆ ನಾನು ಅಲ್ಲಿಯವರೆಗೆ ಯಾರ ಹತ್ತಿರವೂ ಪೂರ್ತಿ ಬಾಯಿ ಬಿಟ್ಟಿರಲಿಲ್ಲ, ನನ್ನ ಹೆಂಡತಿಯ ಹತ್ತಿರವೂ.

ನನ್ನ ಹೆಸರು ತಿಪ್ಪೇಸ್ವಾಮಿ. ಚಳ್ಳಕೆರೆಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಸುಗ್ಗಿ ಮುಗಿದ ಮೇಲೆ ಹಳ್ಳಿಗಳಲ್ಲಿ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರೂ ಹೌದು. ನನಗೆ ಈ ವಿದ್ಯೆ ಕಲಿಸಿದವರು ಓಬಳಪ್ಪ ಮೇಷ್ಟ್ರು. ಹಳ್ಳಿಗಳಿಗೆ ಮೈಕು ಬರುವ ಮುಂಚೆ, ಬಳ್ಳಾರಿ, ಅನಂತಪುರದ ಕಡೆಯ ನಾಟಕ ಕಂಪನಿಗಳಲ್ಲಿ ಅವರು ಲೆಗ್ ಹಾರ್ಮೋನಿಯಂ ನುಡಿಸುತ್ತಿದ್ದವರು. ಕಾಲಿನಲ್ಲಿ ತುಳಿದು ಗಾಳಿ ಹಾಕುವ ದೊಡ್ಡ ಪೆಟ್ಟಿಗೆ ಅದು. ಗಾಳಿ ಕಾಲಿನ ಪಾಲಾದ್ದರಿಂದ ನುಡಿಸಲು ಎರಡೂ ಕೈ ಸಿಗುತ್ತವೆ. ಮೇಷ್ಟ್ರ ಬಲಗೈ ನಟನ ಹಾಡಿನ ಹಿಂದೆ ಹೋದರೆ, ಎಡಗೈ ಕೆಳಗಿನ ಸ್ವರಗಳಲ್ಲಿ ಅದಕ್ಕೆ ಉತ್ತರ ಕೊಡುತ್ತಾ ಕೂತಿರುತ್ತಿತ್ತು. ಒಬ್ಬರೇ ಕೂತು ಇಬ್ಬರು ಮಾತಾಡಿದಂತೆ ಕೇಳಿಸುತ್ತಿತ್ತು. ನಮ್ಮ ಸೀಮೆಯಲ್ಲಿ ಹಾಗೆ ನುಡಿಸುವವರು ಇನ್ನೊಬ್ಬರಿರಲಿಲ್ಲ.

ನಾನು ಶುರು ಮಾಡಿದ್ದು ಭಜನೆ ಮನೆಯ ಕೈಪೆಟ್ಟಿಗೆಯಲ್ಲಿ. ನನ್ನ ಎಡಗೈ ಚಿಕ್ಕಂದಿನಿಂದ ಗಾಳಿ ಹಾಕುತ್ತಲೇ ಬೆಳೆದದ್ದು. ಅದಕ್ಕೆ ನುಡಿಸುವ ಬುದ್ಧಿ ಬರಲಿಲ್ಲ. ಎಡಗೈ ಹೇಗೆ ಕೂಡಿಸುವುದು ಎಂದು ಮೇಷ್ಟ್ರನ್ನು ಕೇಳಿದಾಗಲೆಲ್ಲ, “ಬರುತ್ತೆ ಬಿಡ್ಲೇ” ಎನ್ನುತ್ತಿದ್ದರು. ಇಪ್ಪತ್ತೆಂಟು ವರ್ಷ ಕೇಳಿದ್ದೇನೆ. ಅಷ್ಟು ವರ್ಷವೂ ಅವರ ಪೆಟ್ಟಿಗೆ ಹೊತ್ತಿದ್ದೇನೆ, ನಶ್ಯ ತಂದುಕೊಟ್ಟಿದ್ದೇನೆ, ಮೊಳಕಾಲ್ಮುರಿನ ಆಸ್ಪತ್ರೆಯ ಸಾಲಿನಲ್ಲಿ ಅವರ ಚೀಟಿ ಹಿಡಿದು ನಿಂತಿದ್ದೇನೆ. ಉಳಿದ ಶಿಷ್ಯರೆಲ್ಲ ಒಬ್ಬೊಬ್ಬರಾಗಿ ಚದುರಿದರು. ಹಾಗಾಗಿ ಮೇಷ್ಟ್ರ ಶಿಷ್ಯ ಎಂದರೆ ನಾನು ಎಂದೇ ನಾನು ತಿಳಿದಿದ್ದೆ.

ಸುಮನಾ ಮೇಡಂ ಚಳ್ಳಕೆರೆಗೆ ಬಂದು ವಿಚಾರಿಸಿದಾಗ ಎಲ್ಲರೂ ನನ್ನ ಅಂಗಡಿಯನ್ನೇ ತೋರಿಸಿದರಂತೆ. ಇದನ್ನು ಕೇಳಿ ನಾನು ಉಬ್ಬಿಹೋದೆ. ಮೊದಲನೇ ಭಾನುವಾರಕ್ಕೆ ಕಟಿಂಗ್ ಮಾಡಿಸಿಕೊಂಡೆ, ಬಿಳಿ ಅಂಗಿ ಇಸ್ತ್ರಿ ಮಾಡಿಸಿದೆ. ಕೇಳಿದರೆ ಹೇಳಲು ಬೇಕಾಗುತ್ತದೆಂದು ಒಂದು ನೋಟುಬುಕ್ಕಿನಲ್ಲಿ ಮೇಷ್ಟ್ರ ಬಗ್ಗೆ ನಾಲ್ಕು ಪುಟ ಬರೆದುಕೊಂಡೂ ಹೋಗಿದ್ದೆ. ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಊರುಗಳ ಹೆಸರು ಹೇಳಿದ್ದೇ ಹೇಳಿದ್ದು.

ಮೇಷ್ಟ್ರ ಮನೆಯಲ್ಲಿ ಮೇಡಂ ಸಣ್ಣದೊಂದು ಮೈಕು ತೆಗೆದು ಅವರ ಅಂಗಿಗೆ ಸಿಕ್ಕಿಸಿದರು. ತಾವು ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿಕೊಂಡರು. ಮೇಷ್ಟ್ರು ಮಾತು ಶುರು ಮಾಡಿದರು. ಹೇಳುವವರ ಎದುರು ಕೂತವನು ಹೂಂಗುಟ್ಟುವುದು ನಮ್ಮಲ್ಲಿ ಮರ್ಯಾದೆ. ನಾನೂ ಅಭ್ಯಾಸದಂತೆ “ಹೂಂ” ಎಂದೆ. ಮಷೀನು ಚಾಲೂ ಮಾಡುವ ಮೊದಲು ಧ್ವನಿ ಪರೀಕ್ಷಿಸುತ್ತಿದ್ದ ಮೇಡಂ ತಕ್ಷಣ ಕೈ ಎತ್ತಿ ನಿಲ್ಲಿಸಿದರು.

“ಸರ್, ತಪ್ಪು ತಿಳ್ಕೋಬೇಡಿ. ನೀವು ಹೂಂ ಅಂದ್ರೆ ಅದೂ ರೆಕಾರ್ಡ್ ಆಗುತ್ತೆ. ಅವರ ಧ್ವನಿ ಒಂದೇ ಇರಬೇಕು.”

ಅಲ್ಲಿಗೆ ನನ್ನ ನೋಟುಬುಕ್ಕು ಜೇಬಿನಲ್ಲೇ ಉಳಿಯಿತು. ಆಮೇಲೆ ಫ್ಯಾನು ಆರಿಸಿದೆ. ಅಂಗಳದ ಕೋಳಿಗಳು ಕೂಗುತ್ತವೆಂದು ಅವನ್ನು ಓಡಿಸಿದೆ. ಶೇಂಗಾ ತುಂಬಿಕೊಂಡು ಬರುತ್ತಿದ್ದ ಟ್ರ್ಯಾಕ್ಟರನ್ನು ಬೀದಿಯ ಕೊನೆಯಲ್ಲಿ ತಡೆದು ನಿಲ್ಲಿಸಿ ಬೈಸಿಕೊಂಡೆ. ಮೇಷ್ಟ್ರ ಹಿರಿಯ ಶಿಷ್ಯನಿಗೆ ಆ ಸೀಸನ್ನಿನಲ್ಲಿ ಸಿಕ್ಕ ಪಾರ್ಟು ಇದು, ಕೋಳಿ ಓಡಿಸುವವನದು.

ಅದನ್ನಾದರೂ ಸಹಿಸಬಹುದಿತ್ತು. ಮೇಷ್ಟ್ರು ಆ ಹೆಣ್ಣುಮಗಳಿಗೆ “ಅವ್ವಾ, ಅವ್ವಾ” ಎನ್ನುತ್ತಾ ಹೇಳಿದ ಮಾತುಗಳನ್ನು ಸಹಿಸುವುದು ಕಷ್ಟವಾಯಿತು. ಇಪ್ಪತ್ತೆಂಟು ವರ್ಷ ನಾನು ಕೇಳಿ ಕೇಳಿ ಸೋತಿದ್ದ ಎಡಗೈ ವಿಷಯವನ್ನು ಅವರು ಮೊದಲನೇ ಭಾನುವಾರವೇ ಬಿಚ್ಚಿಟ್ಟರು.

“ಅನಂತಪುರದಾಗೆ ಕಂಪನೀಲಿ ನಾವು ಇಬ್ರು ಪೆಟ್ಟಿಗೆಯೋರು ಇದ್ವಿ ಅವ್ವಾ. ಒಂದಿನ ಇನ್ನೊಬ್ಬ ಹೇಳ್ದೆ ಕೇಳ್ದೆ ಓಡಿಹೋದ. ಸಾಯಂಕಾಲ ಆಟ ಐತೆ. ಮಾಲೀಕರು ಬಂದು, ಇಬ್ರು ಕೆಲಸ ನೀನೇ ಮಾಡು ಅಂದ್ರು. ಏನ್ಮಾಡ್ಲಿ? ಓಡಿಹೋದೋನು ಈಗ ಇದ್ದಿದ್ರೆ ಇಲ್ಲಿ ಏನು ಬಾರಿಸ್ತಿದ್ದ ಅಂತ ಯೋಚ್ನೆ ಮಾಡ್ಕಂತ ಮಾಡ್ಕಂತ ಅದನ್ನ ಎಡಗೈಗೆ ಹಚ್ಚಿದೆ. ಅವನು ಮತ್ತೆ ಬರ್ಲೇ ಇಲ್ಲ. ಎಡಗೈ ನಿಂತ್ಕಂತು.”

ನಾನು ಬಾಗಿಲಲ್ಲಿ ನಿಂತು ಕೇಳಿದೆ. ಕೋಪ ಬಂತು. ಇಷ್ಟು ಸರಳವಾದ ಮಾತನ್ನು ನನಗೆ ಯಾಕೆ ಹೇಳಲಿಲ್ಲ? ನಾನು ಊಟಕ್ಕೆ ಕೂತಾಗಲೂ ಮಾತು ಬೆಳೆಸದೆ ಮುಖ ಗಂಟು ಹಾಕಿಕೊಂಡಿದ್ದೆ. ಗಂಗಮ್ಮ ಮುದ್ದೆ ಬಡಿಸುತ್ತಾ, “ಯಾಕಣ್ಣಾ, ಮೈ ಸರಿ ಇಲ್ವಾ?” ಎಂದು ಕೇಳಿದಳು. ಬಿಸಿಲು ಎಂದೆ.

ಮೂರನೇ ಭಾನುವಾರ ಮೇಡಂ ಕೇಳಿದರು, “ಅಜ್ಜಾ, ನಿಮ್ಮ ಕೈ ನಿಮ್ಮ ಶಿಷ್ಯರಲ್ಲಿ ಯಾರಿಗೆ ಬಂತು?”

ನಾನು ಅಂಗಿಯ ಕಾಲರು ಸರಿಮಾಡಿಕೊಂಡೆ. ಈಗ ನೆನೆಸಿಕೊಂಡರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಮೇಷ್ಟ್ರು ನನ್ನ ಕಡೆ ನೋಡಲೂ ಇಲ್ಲ.

“ಒಬ್ಬನಿಗೇ ಕಣವ್ವಾ. ಈರಣ್ಣ ಅಂತ, ವರವು ಕಾವಲ್ ಕಡೆಯೋನು. ಕುರಿ ಕಾಯೋನು. ಒಂದೇ ಬೇಸಿಗೆ ಇದ್ದ ನನ್ನ ಹತ್ರ, ಮೂರು ತಿಂಗಳು. ನಾಟಕದಾಗೆ ಪಾರ್ಟು ಮಾಡಾಕೆ ಬಂದಿದ್ದ. ಗಂಟಲು ತಗಡು ಬಡಿದಂಗೆ ಇತ್ತು. ಒಂದಿನ ನಾನು ಉಣ್ಣಾಕೆ ಎದ್ದಾಗ ಪೆಟ್ಟಿಗೆ ಮುಂದೆ ಕೂತು ಎರಡೂ ಕೈ ಇಟ್ಟ ನೋಡವ್ವಾ, ಕೈ ತೊಳೆಯೋದು ಬಿಟ್ಟು ಹಂಗೇ ನಿಂತೆ. ಕುರಿ ಹಿಂದೆ ನಡ್ಕಂತಾ ಉಣ್ಣೆ ನೂಲೋ ಜನ ಅವರು. ಒಂದು ಕೈ ಎಳೆ ಬಿಡ್ತದೆ, ಇನ್ನೊಂದು ಕದರು ತಿರುಗಿಸ್ತದೆ, ಕಣ್ಣು ಕುರಿ ಮ್ಯಾಲೆ ಇರ್ತದೆ. ಅವನ ಎರಡು ಕೈಗೆ ಎರಡು ಬುದ್ಧಿ ಇದ್ವು.”

“ಆಮೇಲೆ?”

“ಅವರಪ್ಪ ತೀರ್ಕಂಡ. ಕುರಿ ನೋಡೋರು ಇಲ್ಲ ಅಂತ ಹೋದ. ನನಗೂ ಹೇಳಿ ಹೋಗ್ಲಿಲ್ಲ. ಬರ್ತಾನೆ ಬಿಡು ಅಂತ ಪ್ರತಿ ಬೇಸಿಗೆ ನೋಡ್ತಿದ್ದೆ.” ಮೇಷ್ಟ್ರು, ಮನಸ್ಸಿಗೆ ನೋವಾದಾಗ ಅವರಿಗೆ ತಾನಾಗಿ ಬರುತ್ತಿದ್ದ ತೆಲುಗಿನಲ್ಲಿ, “ಪೋನೀಲೇ” ಎಂದರು. ಹೋಗಲಿ ಬಿಡು ಎಂದು. ಆದರೆ ಅವರು ಬಿಟ್ಟಿರಲಿಲ್ಲ ಎಂಬುದು ಅವರ ಮುಖ ನೋಡಿದವರಿಗೆಲ್ಲ ತಿಳಿಯುತ್ತಿತ್ತು.

ಮೇಡಂಗೆ ನನ್ನ ಮೇಲೆ ಕನಿಕರ ಬಂದಿರಬೇಕು. “ಮತ್ತೆ ತಿಪ್ಪೇಸ್ವಾಮಿ ಸರ್?” ಎಂದು ಕೇಳಿದರು.

“ತಿಪ್ಪೇಶಿ ಬಾಳ ಒಳ್ಳೇನು ಅವ್ವಾ. ಅವನಿಲ್ದಿದ್ರೆ ನಂಗೆ ಮಾತ್ರೆ ತಂದ್ಕೊಡೋರು ಯಾರು?”

ಈರಣ್ಣನನ್ನು ನಾನು ನೋಡಿದ್ದೆ. ಆ ಬೇಸಿಗೆ ನಾನೂ ಅಲ್ಲೇ ಇದ್ದೆ, ಕಲಿಯಲು ಸೇರಿ ಎರಡು ವರ್ಷವಾಗಿತ್ತು. ನನ್ನದೇ ವಯಸ್ಸಿನವನು, ನನ್ನ ತಾಟಿನ ಪಕ್ಕವೇ ಅವನ ತಾಟು ಇರುತ್ತಿತ್ತು. ಅವನು ಪೆಟ್ಟಿಗೆ ಮುಟ್ಟಿದಾಗ ಮೇಷ್ಟ್ರ ಮುಖ ಅರಳಿದ್ದನ್ನೂ ನೋಡಿದ್ದೆ. ಅವನು ಹೇಳದೆ ಹೋದ ದಿನ ಎಲ್ಲರೂ ಮರುಗಿದರು, ನಾನೂ ಮರುಗಿದವನಂತೆ ಕೂತಿದ್ದೆ. ಒಳಗೆ ನೆಮ್ಮದಿಯಾಗಿತ್ತು. ಆ ನೆಮ್ಮದಿಯ ಮೇಲೆಯೇ ನಾನು ಅಷ್ಟು ವರ್ಷ ಶಿಷ್ಯನಾಗಿ ಕೂತಿದ್ದೆ ಎಂದು ಮೂರನೇ ಭಾನುವಾರ ಗೊತ್ತಾಯಿತು.

ವಾಪಸು ಬರುವಾಗ ಬಿ.ಜಿ. ಕೆರೆಯ ಹತ್ತಿರ ರಸ್ತೆಯ ತುಂಬ ಶೇಂಗಾ ಗಾಡಿಗಳು. ಕಾರು ನಿಂತಿತು. ಮೇಡಂ ನೀರು ಕುಡಿದು ಬಾಟಲಿ ಮುಚ್ಚುತ್ತಾ ಕೇಳಿದರು, “ಸರ್, ಆ ಈರಣ್ಣ ಅವರು ಈಗ ಎಲ್ಲಿದ್ದಾರೆ? ಅವರನ್ನೂ ರೆಕಾರ್ಡ್ ಮಾಡ್ಬೇಕು. ಸಾಧ್ಯವಾದ್ರೆ ಅಜ್ಜನ ಎದುರೇ ಕೂರಿಸಿ. ಮುಂದಿನ ವಾರ ಕರ್ಕೊಂಡು ಬರ್ತೀರಾ?”

ನನ್ನ ಕಣ್ಣಿಗೆ ಆ ದೃಶ್ಯ ಬಂತು. ಮೇಷ್ಟ್ರು, ಈರಣ್ಣ, ನಡುವೆ ಪೆಟ್ಟಿಗೆ. ಹೊರಗೆ ಕೋಳಿ ಓಡಿಸುತ್ತಾ ನಾನು.

“ಅವರು ತೀರ್ಕೊಂಡ್ರು ಮೇಡಂ” ಎಂದೆ.

ಹಾಗೆ ಹೇಳಬೇಕೆಂದು ಯೋಚಿಸಿರಲಿಲ್ಲ. ಬಾಯಿಂದ ಬಂದುಬಿಟ್ಟಿತು. ಮೇಡಂ ಅಯ್ಯೋ ಎಂದು, ಯಾವಾಗ ಎಂದು ಕೇಳಿದರು. ಎರಡು ವರ್ಷವಾಯಿತು ಎಂದೆ. ಏನಾಗಿತ್ತು ಎಂದರು. ಜ್ವರ ಎಂದೆ. ಮೊದಲನೆಯದು ಬಾಯಿಂದ ಜಾರಿದ್ದು ಎನ್ನಬಹುದು, ಉಳಿದ ಎರಡನ್ನೂ ಯೋಚಿಸಿಯೇ ಹೇಳಿದೆ. ಅವರು ಪುಸ್ತಕ ತೆಗೆದು ಬರೆದುಕೊಂಡರು. ಮುಂದಿದ್ದ ಗಾಡಿಗಳು ಸರಿದು ಕಾರು ಹೊರಟಿತು.

ಆ ವಾರ ನನಗೆ ಅಂಗಡಿಯಲ್ಲಿ ಕೆಲಸ ನಿಲ್ಲಲಿಲ್ಲ. ಈರಣ್ಣ ಬದುಕಿದ್ದಾನೆ, ಗಟ್ಟಿಮುಟ್ಟಾಗಿದ್ದಾನೆ ಎಂಬುದು ನನಗೆ ಗೊತ್ತಿತ್ತು. ವರ್ಷಕ್ಕೊಮ್ಮೆಯಾದರೂ ಚಳ್ಳಕೆರೆಯ ಕುರಿ ಸಂತೆಯಲ್ಲಿ ದೂರದಿಂದ ಕಾಣುತ್ತಿದ್ದ, ನಾನೇ ಬೇರೆ ಕಡೆ ತಿರುಗಿ ಹೋಗುತ್ತಿದ್ದೆ. ಮೇಷ್ಟ್ರು ಮನೆಯಿಂದ ಹೊರಗೆ ಬರುವುದನ್ನು ಬಿಟ್ಟು ಕಾಲವಾಗಿತ್ತು, ಅವರಿಗೆ ಹೊರಗಿನ ಸುದ್ದಿ ಮುಟ್ಟಿಸುವವನೂ ನಾನೇ. ಆದ್ದರಿಂದ ಸುಳ್ಳು ಮೇಡಂ ಪುಸ್ತಕದಲ್ಲೇ ಉಳಿಯುತ್ತದೆ ಎಂದುಕೊಂಡೆ. ಮೇಡಂ ಬಾಯಿ ಬಿಡಬಹುದು ಎಂಬುದು ಹೊಳೆಯಲೇ ಇಲ್ಲ.

ನಾಲ್ಕನೇ ಭಾನುವಾರ ಮೈಕು ಸಿಕ್ಕಿಸಿ, ಮಷೀನು ಚಾಲೂ ಮಾಡಿದ ಮೇಲೆ ಮೇಡಂ ಮೆಲ್ಲಗೆ ಶುರು ಮಾಡಿದರು. “ಅಜ್ಜಾ, ಈರಣ್ಣ ಅವರ ವಿಷಯ ತಿಪ್ಪೇಸ್ವಾಮಿ ಸರ್ ಹೇಳಿದ್ರು. ಅವರು ತೀರ್ಕೊಂಡಿದ್ದು ನಿಮಗೆ ಗೊತ್ತಿರ್ಲಿಲ್ಲ ಅಂತ ಕಾಣುತ್ತೆ. ನನಗೆ ತುಂಬಾ ಬೇಜಾರಾಯ್ತು.”

ಮೇಷ್ಟ್ರು ಕತ್ತು ತಿರುಗಿಸಿ ಬಾಗಿಲಲ್ಲಿದ್ದ ನನ್ನನ್ನು ನೋಡಿದರು. “ಹೌದೇನೋ ತಿಪ್ಪೇಶಿ?”

“ಹೂಂ” ಎಂದೆ.

ಐದು ಭಾನುವಾರದ ರೆಕಾರ್ಡಿಂಗನ್ನೂ ಮೇಡಂ ಈಚೆಗೆ ನನ್ನ ಫೋನಿಗೆ ಕಳಿಸಿದ್ದರು, ಪೂರ್ತಿ ಕೇಳಿದ್ದೇನೆ. ಅಷ್ಟರಲ್ಲಿ ನನ್ನ ದನಿ ಒಂದೇ ಒಂದು ಕಡೆ ಇದೆ. ಆ ಹೂಂ. ನನ್ನ ಬೇರೆ ಮಾತು ಒಂದೂ ಇಲ್ಲ.

ಮೇಷ್ಟ್ರು ಅಳಲಿಲ್ಲ. “ಗಂಗಮ್ಮಾ, ನೀರು ಕಾಯಿಸು. ತಲೆ ಮ್ಯಾಲೆ ಹುಯ್ಕಬೇಕು” ಎಂದರು. ಸೊಸೆ ಒಳಗಿನಿಂದ ಬಂದು ಯಾಕೆ ಮಾವಾ ಎಂದಳು. “ಈರಣ್ಣ ಹೋದ್ನಂತೆ. ಶಿಷ್ಯ ಅಂದ್ರೆ ಮಗ ಇದ್ದಂಗೆ. ಮೈಲಿಗೆ ತೊಳ್ಕಬೇಕು.” ಗಂಗಮ್ಮ ನನ್ನ ಮುಖವನ್ನೇ ನೋಡಿ ಒಲೆಯ ಕಡೆ ಹೋದಳು.

ಅವರು ಬಚ್ಚಲಿನಲ್ಲಿದ್ದಷ್ಟು ಹೊತ್ತು ನಾನು ಅಂಗಳದಲ್ಲಿ ನಿಂತು ಬಾಯಲ್ಲಿ ಮಾತು ಜೋಡಿಸಿಕೊಂಡೆ. ಯಾರೋ ಹೇಳಿದ್ದು ಕೇಳಿ ನಂಬಿಬಿಟ್ಟಿದ್ದೆ ಮೇಷ್ಟ್ರೇ, ಅದು ಬೇರೆ ಈರಣ್ಣನಂತೆ, ಎನ್ನಬೇಕು. ಒಂದು ಸುಳ್ಳನ್ನು ಸರಿಮಾಡಲು ಇನ್ನೊಂದು. ಆದರೂ ಸರಿಯಾಗುತ್ತಿತ್ತು. ಹೇಳಿಯೇ ಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿದೆ. ಮೇಷ್ಟ್ರು ಒದ್ದೆ ಕೂದಲಿನಲ್ಲಿ, ಒಗೆದ ಪಂಚೆ ಉಟ್ಟು ಹೊರಗೆ ಬಂದರು. ನಾನು ಬಾಯಿ ತೆರೆದೆ.

“ಪೆಟ್ಟಿಗೆ ಮ್ಯಾಲಿನ ಬಟ್ಟೆ ತೆಗಿ” ಎಂದರು.

ಅವರು ಆ ಪೆಟ್ಟಿಗೆಯ ಮುಂದೆ ಕೂತು ಎರಡು ವರ್ಷವಾಗಿತ್ತು. ಮೊದಲ ಮೂರು ಭಾನುವಾರ ಮೇಡಂ ಕೇಳಿಕೊಂಡರೂ ಕೈಲಾಗಲ್ಲ ಎಂದಿದ್ದರು. ಈಗ ತಾವೇ ಹೋಗಿ ಕೂತು, ಕಾಲು ಇಟ್ಟು, ಮೇಡಂ ಕಡೆ ತಿರುಗಿ ಹೇಳಿದರು. “ಕಂಪನೀಲಿ ಯಾರಾರ ತೀರ್ಕಂಡ್ರೆ, ಅವತ್ತು ಅವರ ಪದ್ಯದ ಮಟ್ಟು ಬಾರಿಸ್ತಿದ್ವಿ ಅವ್ವಾ. ಅವರು ಹಾಡೋ ಜಾಗ ಬಂದಾಗ ಪೆಟ್ಟಿಗೆ ನಿಲ್ಲಿಸ್ತಿದ್ವಿ. ಅಷ್ಟು ಹೊತ್ತು ಎಲ್ರೂ ಸುಮ್ನೆ ಕೂರೋರು. ಆ ಜಾಗ ಅವರದು. ಈರಣ್ಣ ಹಾಡ್ತಿರ್ಲಿಲ್ಲ. ಅವನದು ಎಡಗೈ.”

ಎಡಗೈಯನ್ನು ತೊಡೆಯ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡರು. ಬಲಗೈ ಒಂದರಲ್ಲೇ ನುಡಿಸಿದರು.

ಕಾಲಿನಲ್ಲಿ ಶಕ್ತಿ ಇರಲಿಲ್ಲ, ಗಾಳಿ ನಡುನಡುವೆ ಸೋರುತ್ತಿತ್ತು. ನಾಟಕದಲ್ಲಿ ನೂರಾರು ಸಲ ಕೇಳಿದ ಹಳೆಯ ಮಟ್ಟು. ಒಂದು ಸಾಲು ಬಲಗೈ ನುಡಿಸುತ್ತದೆ, ಉತ್ತರ ಬರಬೇಕಾದ ಕಡೆ ನಿಲ್ಲುತ್ತದೆ. ಅಲ್ಲಿ ಬರಿಯ ತುಳಿತದ ಸದ್ದು, ಗಾಳಿಯ ಸದ್ದು. ಮತ್ತೆ ಬಲಗೈ. ಆ ಖಾಲಿ ಜಾಗಗಳಲ್ಲಿ ಏನಿರಬೇಕಿತ್ತು ಎಂದು ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸುತ್ತಿತ್ತು. ಮೇಡಂ ಕಣ್ಣೊರೆಸಿಕೊಂಡರು. ಗಂಗಮ್ಮ ಒದ್ದೆ ಸೆರಗು ಹಿಡಿದು ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು.

ನಾನು ತೆರೆದ ಬಾಯಿ ಮುಚ್ಚಿದೆ. ಭಯದಿಂದ ಎಂದು ಬರೆದರೆ ನನಗೆ ಅನುಕೂಲ, ಆದರೆ ಅದು ಭಯವಲ್ಲ. ನನಗೆ ಹೊಟ್ಟೆ ಉರಿದುಹೋಯಿತು. ಬದುಕಿರುವವನಿಗೆ ಇಷ್ಟು! ನಾನು ಇವತ್ತು ಸತ್ತರೆ ಮೇಷ್ಟ್ರು ಏನನ್ನು ಖಾಲಿ ಬಿಡುತ್ತಿದ್ದರು, ಮಾತ್ರೆ ಡಬ್ಬಿಯನ್ನೇ? ಈ ನುಡಿಸಾಣಿಕೆ ಹುಟ್ಟಿದ್ದು ನನ್ನ ಸುಳ್ಳಿನಿಂದ. ಅದರಲ್ಲೂ ನನಗೆ ಒಂದು ಸ್ವರ ಇಲ್ಲ. ಸತ್ತವನಾಗಿಯೂ ಅವನೇ ಗೆದ್ದ ಎನ್ನಿಸಿತು. ಹಾಗಿದ್ದರೆ ಸತ್ತೇ ಇರಲಿ ಎಂದು, ಹೌದು, ಅಂದುಕೊಂಡೆ.

ಹೋಗುವಾಗ ಗಂಗಮ್ಮ ನನ್ನನ್ನು ಹಿತ್ತಲಿಗೆ ಕರೆದು, “ಈರಣ್ಣ ಯಾವಾಗ ಸತ್ತದ್ದಣ್ಣಾ? ಸಂತೆಯಾಗೆ ಅವನ ಹೆಂಡ್ತೀನ ಮೊನ್ನೆ ನೋಡಿದೆ, ಹಣೆ ತುಂಬ ಕುಂಕುಮ ಇತ್ತು” ಎಂದಳು. ನೀನು ಬೇರೆ ಯಾರನ್ನೋ ನೋಡಿರಬೇಕು ಎಂದು ಹೇಳಿ ಕಾರು ಹತ್ತಿದೆ.

ಐದನೇ ಭಾನುವಾರ ರೆಕಾರ್ಡಿಂಗ್ ಮುಗಿಯಿತು. ಮೇಡಂ ನಮ್ಮಿಬ್ಬರಿಗೂ ಶಾಲು ಹೊದಿಸಿ ಹೊರಟುಹೋದರು. ಆಮೇಲೂ ನಾನು ವಾರಕ್ಕೊಮ್ಮೆ ಮಾತ್ರೆ ತೆಗೆದುಕೊಂಡು ಹೋಗುತ್ತಿದ್ದೆ. ಹೋದಾಗಲೆಲ್ಲ ಮೇಷ್ಟ್ರು, “ಈರಣ್ಣನ ಹೆಂಡ್ರು ಮಕ್ಳನ್ನ ಒಂದ್ಸಲ ಮಾತಾಡಿಸ್ಕಂಡು ಬಾರೋ” ಎನ್ನುತ್ತಿದ್ದರು. ಮೂರನೇ ಸಲ ಕೇಳಿದಾಗ, ಹೋಗಿದ್ದೆ, ಚೆನ್ನಾಗಿದ್ದಾರೆ ಎಂದೆ. ಅವರು ನನ್ನ ಕೈ ಹಿಡಿದು, “ಒಳ್ಳೇದು ಮಾಡ್ದೆ” ಎಂದರು. ಆ ಚಳಿಗಾಲ ಕಳೆಯುವ ಮೊದಲೇ ಒಂದು ಬೆಳಿಗ್ಗೆ ಮೇಷ್ಟ್ರು ಏಳಲಿಲ್ಲ. ಮುಂದಿನ ಹೆಗಲು ಕೊಟ್ಟವನು ನಾನು. ಈರಣ್ಣ ಆಗ ಕುರಿ ಹೊಡೆದುಕೊಂಡು ಬಳ್ಳಾರಿಯ ಕಾಲುವೆ ಸೀಮೆಗೆ ಹೋಗಿದ್ದನಂತೆ. ಅವನು ಬರಲಿಲ್ಲ ಎಂಬುದನ್ನು ಮಾತ್ರ ನಾನು ಗಮನಿಸಿ ನೋಡಿದ್ದೆ.

ಕಳೆದ ತಿಂಗಳು ಗಂಗಮ್ಮ ಕನ್ನಡಕ ಹಾಕಿಕೊಂಡು ಕಾಗದವನ್ನು ಪೂರ್ತಿ ಓದಿದಳು. ಸೈ ಹಾಕುವ ಹಾಳೆಯ ಜೊತೆ, ರೆಕಾರ್ಡಿಂಗಿನಲ್ಲಿ ಬರುವವರ ಹೆಸರುಗಳ ಪಟ್ಟಿಯೂ ಇತ್ತು. ನಾಲ್ಕನೇ ಹೆಸರಿನ ಮೇಲೆ ಅವಳ ಬೆರಳು ನಿಂತಿತು. ದಿವಂಗತ ಈರಣ್ಣ.

“ಇದಕ್ಕೆ ನಾನು ಸೈ ಹಾಕಲ್ಲಣ್ಣ” ಎಂದಳು. “ಬದುಕಿರೋನನ್ನ ಸತ್ತ ಅಂತ ಬರ್ದಿರೋ ಕಾಗದಕ್ಕೆ ಹಾಕಲ್ಲ.”

ನಾನು ಏನೋ ಹೇಳಲು ಹೋದೆ. ಅವಳು ಕೈ ಅಡ್ಡ ಹಿಡಿದಳು. “ಅವತ್ತೇ ಗೊತ್ತಾತು ನಂಗೆ. ನೀನೇ ಹೇಳ್ತೀಯ ಅಂತ ಕಾದೆ. ಮಾವ ಹೋಗೋ ತಂಕ ಕಾದೆ.”

“ನೀನಾದ್ರೂ ಹೇಳ್ಬಹುದಿತ್ತಲ್ಲವ್ವಾ.”

“ಹೆಂಗೆ ಹೇಳ್ಲಿ? ನಾನು ಹೇಳಿದ್ರೆ ಮಾವನಿಗೆ ಒಬ್ಬ ಶಿಷ್ಯ ವಾಪಸ್ ಬರ್ತಿದ್ದ, ಇನ್ನೊಬ್ಬ ಹೋಗ್ತಿದ್ದ. ದಿನಾ ಬಾಗಿಲು ನೋಡ್ಕಂತ ಕೂರ್ತಿದ್ದ ಮುದುಕ. ಬರ್ತಿದ್ದೋನು ನೀನೊಬ್ನೇ.” ಕಾಗದ ಮಡಿಸಿ ನನ್ನ ಕೈಗೆ ಕೊಟ್ಟಳು. “ಮೊದ್ಲು ಹೋಗಿ ಈರಣ್ಣನಿಗೆ ಮಾವ ಬಾರಿಸಿದ್ದನ್ನ ಕೇಳ್ಸಿ ಬಾ. ಆಮ್ಯಾಕೆ ಸೈ.”

ಅಲ್ಲಿಂದಲೇ ಮೇಡಂಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಎಲ್ಲವನ್ನೂ ಇನ್ನೊಂದು ಸಲ ಹೇಳಿಸಿ ಬರೆದುಕೊಂಡರು. ಆಮೇಲೆ, “ಪಟ್ಟಿಯಲ್ಲಿರೋ ಆ ಪದ ತೆಗೀತೀನಿ ಸರ್. ಆದರೆ ರೆಕಾರ್ಡಿಂಗಿನಲ್ಲಿ ಏನನ್ನೂ ಕತ್ತರಿಸೋ ಹಾಗಿಲ್ಲ. ನಿಮ್ಮ ಹೂಂ ಹಾಗೇ ಇರುತ್ತೆ” ಎಂದರು. ಇರಲಿ ಎಂದೆ.

ಮರುದಿನ ಬೆಳಿಗ್ಗೆ ನನ್ನ ಕೈಪೆಟ್ಟಿಗೆಯನ್ನು ಗಾಡಿಯ ಹಿಂದೆ ಕಟ್ಟಿಕೊಂಡು ವರವು ಕಾವಲಿನ ಕಡೆ ಹೋದೆ. ಪೆಟ್ಟಿಗೆ ಯಾಕೆ ತೆಗೆದುಕೊಂಡೆ ಎಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಮೇಷ್ಟ್ರ ಪೆಟ್ಟಿಗೆಯ ಶ್ರುತಿಗೇ ನಾನು ಕೂಡಿಸಿಟ್ಟುಕೊಂಡ ಪೆಟ್ಟಿಗೆ ಅದು. ಕುರಿ ಮೇಯುವ ಹುಲ್ಲು ಬಯಲಾಗಿದ್ದ ಆ ಕಾವಲಿಗೆ ಈಗ ಸರ್ಕಾರದವರ ಬೇಲಿ ಬಂದಿದೆ. ಬೇಲಿಯ ಈಚೆ ಉಳಿದ ಹುಲ್ಲಿನಲ್ಲಿ ಕುರಿ ಮೇಯುತ್ತಿದ್ದವು. ಈರಣ್ಣ ಜಾಲಿ ಮರದ ಕೆಳಗೆ ಕೂತು ಮೊಬೈಲಿನಲ್ಲಿ ಮಾತಾಡುತ್ತಿದ್ದ. ಮೀಸೆ ಬೆಳ್ಳಗಾಗಿತ್ತು.

“ತಿಪ್ಪೇಶಿ ಅಲ್ವೇನ್ಲೇ!” ಎಂದು ಎದ್ದು ಬಂದ. ಸಂತೆಯಲ್ಲಿ ನಾನು ಮುಖ ತಿರುಗಿಸುತ್ತಿದ್ದದ್ದು ಅವನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬಿಟ್ಟನೋ. ಬಾಟಲಿಯಿಂದ ನೀರು ಕೊಟ್ಟ. ಕುಡಿದು ನೇರವಾಗಿ ಹೇಳಿದೆ.

“ನೀನು ಸತ್ತೋದೆ ಅಂತ ಮೇಷ್ಟ್ರಿಗೆ ಹೇಳಿದ್ದೆ ಕಣಲೇ. ಮೂರು ವರ್ಷ ಆತು.”

ಅವನು ಜೋರಾಗಿ ನಕ್ಕ. “ಹಂಗಾರೆ ನನ್ನ ಆಯಸ್ಸು ಗಟ್ಟಿ ಆತು ಬಿಡು. ಯಾಕ್ಲೇ ಹಂಗಂದೆ?”

“ಹೊಟ್ಟೆಕಿಚ್ಚಿಗೆ. ಅವರು ನಿನ್ನನ್ನೇ ಕೇಳ್ತಿದ್ರು. ನಿನ್ನನ್ನ ಕರ್ಕಂಡು ಬಾ ಅಂತ ಹೇಳಿದ್ರು ನಂಗೆ, ರೆಕಾರ್ಡ್ ಮಾಡಾಕೆ ಬಂದಿದ್ದೋರು.”

ಅವನ ನಗು ನಿಂತಿತು. “ಮೇಷ್ಟ್ರು ನನ್ನ ಕೇಳ್ತಿದ್ರಾ?”

“ಹೌದು.”

“ನನ್ನ ಮ್ಯಾಲೆ ಸಿಟ್ಟಾಗಿದಾರೆ ಅನ್ಕಂಡಿದ್ದೆ. ಹೇಳ್ದೆ ಬಿಟ್ಟು ಬಂದೋನು ಯಾವ ಮುಖ ಇಟ್ಕಂಡು ಹೋಗ್ಲಿ ಅಂತ ಆ ಊರಿನ ದಾರೀನೇ ತುಳೀಲಿಲ್ಲ, ಅವರು ತೀರ್ಕಂಡ ಸುದ್ದಿ ಬಂದ ಮ್ಯಾಲೂ.” ಅವನು ನನ್ನ ಕಡೆ ನೋಡದೆ ಕುರಿಗಳ ಕಡೆ ನೋಡುತ್ತಾ ಹೇಳಿದ. “ಒಂದು ಮಾತು ಬಾ ಅಂದಿದ್ರೆ ಕುರಿ ಬಿಟ್ಟು ಓಡಿ ಬರ್ತಿದ್ದೆ ಕಣಲೇ. ಒಂದೇ ಒಂದು ಮಾತು.”

ಬೈದಿದ್ದರೆ, ಹೊಡೆದಿದ್ದರೆ ಚೆನ್ನಾಗಿತ್ತು. ನಾನು ಫೋನು ತೆಗೆದು ನಾಲ್ಕನೇ ಭಾನುವಾರದ ರೆಕಾರ್ಡಿಂಗ್ ಹಾಕಿದೆ. ಮೇಷ್ಟ್ರ ಮಾತು ಬಂತು, ನನ್ನ ಹೂಂ ಬಂತು, ಆಮೇಲೆ ಬಲಗೈ. ಈರಣ್ಣ ಫೋನನ್ನು ಕಿವಿಯ ಹತ್ತಿರ ಹಿಡಿದು ಕೊನೆಯವರೆಗೂ ಕೇಳಿದ. ಒಂದು ಕುರಿ ಬೇಲಿಯ ಕಡೆ ಹೋದರೂ ಕೂಗಲಿಲ್ಲ.

“ಎಡಗೈ ಯಾಕೆ ಬಾರಿಸಿಲ್ಲ?” ಎಂದು ಕೇಳಿದ.

“ಅದು ನಿಂದಂತೆ. ನಿನಗೆ ಬಿಟ್ಟಿದಾರೆ.”

ಅವನು ಎದ್ದು ಹೋಗಿ ಗಾಡಿಯಿಂದ ಪೆಟ್ಟಿಗೆಯನ್ನು ತಾನೇ ಬಿಚ್ಚಿ ತಂದು ಕಂಬಳಿಯ ಮೇಲೆ ಇಟ್ಟ. ನಾನು ಎದುರು ಕೂತು ಹಿಂದಿನಿಂದ ಗಾಳಿ ಹಾಕಿದೆ, ಇನ್ನೊಂದು ಕೈಯಿಂದ ರೆಕಾರ್ಡಿಂಗನ್ನು ಮತ್ತೆ ಶುರು ಮಾಡಿದೆ. ಈರಣ್ಣ ಎಡಗೈಯನ್ನು ಕೆಳಗಿನ ಸ್ವರಗಳ ಮೇಲೆ ಇಟ್ಟುಕೊಂಡು ಕಾದ. ಮೊದಲನೇ ಖಾಲಿ ಜಾಗ ಬಂತು, ಅವನು ಏನೂ ನುಡಿಸಲಿಲ್ಲ. ಎರಡನೆಯದರಲ್ಲಿ ಬೆರಳು ತಪ್ಪಿ ಬಿತ್ತು. ಮರೆತಿದ್ದಾನೆ ಎಂದು ನನಗೆ ಒಳಗೊಳಗೇ ಸಂತೋಷವಾಯಿತು. ಇಷ್ಟೆಲ್ಲ ಆದ ಮೇಲೂ ಆಯಿತು, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಮೂರನೇ ಜಾಗದಲ್ಲಿ ಅವನು ಮೂರೇ ಸ್ವರ ಮುಟ್ಟಿದ. ಮೇಷ್ಟ್ರ ಬಲಗೈ ಎಲ್ಲಿ ನಿಂತಿತ್ತೋ ಅಲ್ಲಿಂದ ತೆಗೆದುಕೊಂಡು, ಅವರು ಮತ್ತೆ ಶುರು ಮಾಡುವ ಜಾಗಕ್ಕೆ ತಂದು ಬಿಟ್ಟ. ಮೇಷ್ಟ್ರು ಅದಕ್ಕಾಗಿಯೇ ಕಾದಿದ್ದವರಂತೆ ಮುಂದಿನ ಸಾಲಿಗೆ ಹೋದರು. ಆ ಮೂರು ಸ್ವರ ನನಗೆ ಇಪ್ಪತ್ತೆಂಟು ವರ್ಷದಲ್ಲಿ ಹೊಳೆದಿರಲಿಲ್ಲ.

ರೆಕಾರ್ಡಿಂಗ್ ಮುಗಿಯಿತು. ಈರಣ್ಣ ಕೈ ತೆಗೆಯಲಿಲ್ಲ. “ಇನ್ನೊಂದ್ಸಲ ಹಾಕು” ಎಂದ. “ಗಾಳಿ ನಿಲ್ಲಿಸ್ಬೇಡ.”

ಹಾಕಿದೆ. ಹೊಟ್ಟೆಕಿಚ್ಚು ಹೋಗಲಿಲ್ಲ, ಇದ್ದೇ ಇತ್ತು. ಅದನ್ನು ಇಟ್ಟುಕೊಂಡೇ ಅವನ ಎದುರು ಕೂತು, ಕೈ ಸೋತರೂ ಬಿಡದೆ, ಅವನು ಸಾಕು ಎನ್ನುವವರೆಗೆ ಗಾಳಿ ಹಾಕಿದೆ.